20,000 ವರ್ಷ ಕಾವಲು ಕಾದ ರೋಬೋಟ್

ಐಸಾಕ್ ಅಸಿಮೋವ್ 1940ರ ದಶಕದಲ್ಲಿ ಎರಡು ಲೋಕಗಳನ್ನು ಬೇರೆಬೇರೆಯಾಗಿಯೇ ಕಟ್ಟಿದರು. ಒಂದರಲ್ಲಿ, ಮನುಷ್ಯರಿಗೆ ಹಾನಿ ಮಾಡಬಾರದೆಂಬುದೇ ಮೊದಲಾದ ಮೂರು ನಿಯಮಗಳಿಗೆ ಬದ್ಧವಾದ ರೋಬೋಟ್‌ಗಳು. ಇನ್ನೊಂದು, ಗ್ಯಾಲಕ್ಸಿ ಸಾಮ್ರಾಜ್ಯವೇ ಕುಸಿಯುವ ‘ಫೌಂಡೇಶನ್’.

ನಾಲ್ಕು ದಶಕಗಳ ನಂತರ ಅವರು ಇವೆರಡನ್ನೂ ಒಂದಾಗಿ ಹೊಲಿದ ಬಗೆ ಬೆರಗು ಹುಟ್ಟಿಸುತ್ತದೆ. ಅದೇ ಸಾಮ್ರಾಜ್ಯದ ಕಾಲದ ಕಥೆಯಾದ 1950ರ ‘ಪೆಬಲ್ ಇನ್ ದ ಸ್ಕೈ’ ಕಾದಂಬರಿಯಲ್ಲಿ ಭೂಮಿ ವಿಕಿರಣದಿಂದ ನರಳುತ್ತಿರುತ್ತದೆ. ಅದಕ್ಕೆ ಹೊಸ ಕಾರಣ ಸಿಗುವುದು 1985ರ ‘ರೋಬೋಟ್ಸ್ ಅಂಡ್ ಎಂಪೈರ್’ನಲ್ಲಿ. ಮನುಷ್ಯರು ಭೂಮಿಯ ಮಡಿಲು ಬಿಟ್ಟು ನಕ್ಷತ್ರಗಳತ್ತ ಹೊರಡಲೆಂದು ಗಿಸ್ಕಾರ್ಡ್ ಎಂಬ ರೋಬೋಟ್ ಆ ವಿಕಿರಣವನ್ನು ತಡೆಯದೆ ಬಿಡುತ್ತದೆ. ಆ ನಿರ್ಧಾರದ ಭಾರ ತಾಳಲಾರದೆ ತಾನೇ ನಿಂತುಹೋಗುತ್ತದೆ.

ಉಳಿಯುವುದು ಅದರ ಗೆಳೆಯ, ಇನ್ನೊಂದು ರೋಬೋಟ್ ಡ್ಯಾನೀಲ್. 1986ರ ‘ಫೌಂಡೇಶನ್ ಅಂಡ್ ಅರ್ತ್’ನ ಕೊನೆಯಲ್ಲಿ ಕಥಾನಾಯಕ ಟ್ರೆವೈಜ್ ಚಂದ್ರನ ಒಡಲೊಳಗೆ ಹೋದಾಗ ಎದುರು ನಿಲ್ಲುವುದು ಅದೇ ಡ್ಯಾನೀಲ್. 1954ರ ‘ದ ಕೇವ್ಸ್ ಆಫ್ ಸ್ಟೀಲ್’ನಲ್ಲಿ ಪತ್ತೇದಾರಿಕೆಗೆ ಬಂದಿದ್ದ ಆ ರೋಬೋಟ್, ಸುಮಾರು 20,000 ವರ್ಷಗಳಿಂದ ಮನುಕುಲವನ್ನು ಮರೆಯಲ್ಲಿ ನಿಂತು ಕಾಯುತ್ತಲೇ ಇತ್ತು.