ಕೋಶ ಓದಿದವನ ದೇಶ ಸಂಚಾರ

‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯಲ್ಲಿ ಎರಡು ಬೇರೆ ಬೇರೆ ಕೆಲಸಗಳನ್ನು ಹೇಳಿದೆಯೆಂದೇ ನಾವು ತಿಳಿದಿದ್ದೇವೆ. ಓದುವವರು ಮನೆಯಲ್ಲಿ ಕೂತು ಓದುತ್ತಾರೆ. ಸುತ್ತುವವರು ಓದದೆ ಸುತ್ತುತ್ತಾರೆ. ನಮ್ಮ ಪ್ರವಾಸ ಗ್ರಂಥಗಳಲ್ಲಿ ಹೆಚ್ಚಿನವು ಇಂಗ್ಲಿಷಿನ ಊರುಗೋಲು ಹಿಡಿದು ನಡೆದಂಥವು. ಆ ಊರುಗೋಲು ನಾಟದ ನೆಲಕ್ಕೆ ಹೋದಾಗ ಲೇಖಕರು ಗೋಪುರಗಳನ್ನೂ ಸೇತುವೆಗಳನ್ನೂ ವರ್ಣಿಸಿ ಸುಮ್ಮನಾಗುತ್ತಾರೆ. ಅಲ್ಲಿಯ ಜನರ ಮಾತು ನಮಗೆ ಕೇಳಿಸುವುದೇ ಇಲ್ಲ. ಈ ಕೊರತೆ ಮನಸ್ಸಿನಲ್ಲಿದ್ದುದರಿಂದಲೇ ವಿಕ್ರಮ್ ಸೇಠ್ ಅವರ ‘ಫ್ರಮ್ ಹೆವನ್ ಲೇಕ್’ ಎಂಬ ಇಂಗ್ಲಿಷ್ ಪುಸ್ತಕವನ್ನು ಈಚೆಗೆ ಮತ್ತೊಮ್ಮೆ ಕೈಗೆತ್ತಿಕೊಂಡೆ. 1983ರಲ್ಲಿ ಹೊರಬಂದದ್ದಾದರೂ ಹಳತೆಂದು ಬದಿಗಿಡುವ ಪುಸ್ತಕವಲ್ಲ.

ಸೇಠ್ ಅವರು 1980ರಿಂದ 1982ರವರೆಗೆ ಚೀನದ ನಾನ್‌ಜಿಂಗ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಯಾಗಿದ್ದರು. 1981ರ ಬೇಸಗೆಯಲ್ಲಿ ದೆಹಲಿಯ ಮನೆಗೆ ಹೊರಟರು. ನೇರವಾಗಿ ವಿಮಾನ ಹತ್ತಿದ್ದರೆ ಪುಸ್ತಕವೇ ಆಗುತ್ತಿರಲಿಲ್ಲ. ಷಿನ್‌ಜಿಯಾಂಗಿನ ಮರುಭೂಮಿಯ ಕಡೆಯಿಂದ ಹೊರಟು, ಗಾನ್ಸು, ಚಿಂಗ್‌ಹಾಯ್ ಪ್ರಾಂತಗಳನ್ನು ದಾಟಿ, ಸಿಕ್ಕ ಲಾರಿ ಹತ್ತಿ ಲ್ಹಾಸಾ ಸೇರಿ, ಅಲ್ಲಿಂದ ನೇಪಾಳಕ್ಕೆ ಇಳಿದು ಊರು ಮುಟ್ಟಿದ ಕಥೆ ಇದು. 1962ರ ಯುದ್ಧ ಮುಗಿದು ಇನ್ನೂ ಎರಡು ದಶಕ ತುಂಬಿರಲಿಲ್ಲವೆಂಬುದನ್ನು ನೆನೆದರೆ, ಭಾರತೀಯ ತರುಣನೊಬ್ಬನ ಈ ಸಾಹಸದ ತೂಕ ತಿಳಿದೀತು.

ಚೀನೀ ಭಾಷೆಯ ಬಾಲಬೋಧೆಯೊಂದನ್ನು ಹಿಡಿದು ನಾನೂ ಕೆಲವು ತಿಂಗಳು ಹೆಣಗಿದ್ದುಂಟು. ಕನ್ನಡಿಗನಿಗೆ ಅಲ್ಲಿ ಒಂದು ಅನುಕೂಲವಿದೆ. ತ–ಥ, ಕ–ಖಗಳ ಭೇದ ಬಲ್ಲ ನಾಲಗೆಗೆ ಆ ವ್ಯಂಜನಗಳು ಬೇಗ ಒಗ್ಗುತ್ತವೆ. ಅಲ್ಪಪ್ರಾಣ ಮಹಾಪ್ರಾಣಗಳನ್ನು ಆ ಭಾಷೆಯೂ ಬೇರೆಯಾಗಿಯೇ ಇಟ್ಟಿದೆ. ತೊಡಕು ಇರುವುದು ಸ್ವರದ ಏರಿಳಿತದಲ್ಲಿ. ‘ಮಾ’ ಎಂಬುದನ್ನು ಎತ್ತರದಲ್ಲಿ ಸಮವಾಗಿ ನುಡಿದರೆ ತಾಯಿ, ಏರಿಸಿ ನುಡಿದರೆ ಸೆಣಬು, ಇಳಿಸಿ ಏರಿಸಿದರೆ ಕುದುರೆ, ಥಟ್ಟನೆ ಇಳಿಸಿದರೆ ಬೈಯುವುದು! ತಾಯಿಯನ್ನು ಕರೆಯಹೋಗಿ ಕುದುರೆಯನ್ನು ಕರೆದು, ಪುಸ್ತಕ ಮುಚ್ಚಿಟ್ಟವನು ನಾನು. ಆದ್ದರಿಂದ ಈ ಭಾಷೆಯನ್ನು ಪಳಗಿಸಿಕೊಂಡವರ ವಿಷಯದಲ್ಲಿ ನನಗೆ ಮೊದಲೇ ಗೌರವ.

ಆ ಪಳಗಿದ ಭಾಷೆಯ ಫಲ ಪುಸ್ತಕದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಲಾರಿಯ ಪ್ರಯಾಣದಲ್ಲಿ. ಟಿಬೆಟಿನ ದಾರಿ ಐದು ಸಾವಿರ ಮೀಟರಿಗೂ ಮೇಲೇರುವ ದಾರಿ. ಆ ಚಳಿಯಲ್ಲಿ, ಆ ಧೂಳಿನಲ್ಲಿ, ಸುಯ್ ಎಂಬ ಚಾಲಕನ ಪಕ್ಕದಲ್ಲಿ ದಿನಗಟ್ಟಲೆ ಕುಳಿತವನಿಗೆ ದುಭಾಷಿಯಿಲ್ಲ, ಮಾರ್ಗದರ್ಶಿಯಿಲ್ಲ. ಇಬ್ಬರ ನಡುವೆ ಸ್ನೇಹ ಬೆಳೆಯುವುದನ್ನು ಲೇಖಕರು ಯಾವ ಆಡಂಬರವೂ ಇಲ್ಲದೆ ಬರೆದಿದ್ದಾರೆ. ಚೀನವೆಂದರೆ ಪತ್ರಿಕೆಯ ತಲೆಬರಹವೆಂದಷ್ಟೆ ತಿಳಿದಿದ್ದ ನನ್ನಂಥವನಿಗೆ ಅದು ಮೈಮುರಿದು ದುಡಿಯುವ ಒಬ್ಬ ಮನುಷ್ಯನಾಗಿ ಕಾಣಿಸಿತು.

ಆದರೆ ಕಲಿತ ಭಾಷೆ ಎಲ್ಲ ಬಾಗಿಲನ್ನೂ ತೆರೆಯಿತೆ? ಆಗ ಚೀನದಲ್ಲಿ ಪರದೇಶದವರಿಗೆ ರಹದಾರಿ ಪತ್ರದಲ್ಲಿ ಬರೆದ ಊರುಗಳಿಗೆ ಮಾತ್ರ ಪ್ರವೇಶ. ತುರ್ಫಾನಿನ ಒಂದು ಸಂಜೆ ಸೇಠ್ ಅವರು 1951ರ ‘ಆವಾರಾ’ ಚಿತ್ರದ ಹಾಡನ್ನು ಹಾಡುತ್ತಾರೆ. ಅಲ್ಲಿಯ ವಾದ್ಯಗಾರರು ಜೊತೆಗೂಡುತ್ತಾರೆ. ಅದರ ಬೆನ್ನಿಗೇ ಅದೇ ಊರಿನ ಪೊಲೀಸ್ ಕಚೇರಿಯಲ್ಲಿ ಅವರ ರಹದಾರಿಯ ಮೇಲೆ ಲ್ಹಾಸಾದ ಹೆಸರು ಬೀಳುತ್ತದೆ. ಇದನ್ನು ಓದುವಾಗ ನನಗೆ ಹ್ಯೂಯೆನ್‌ತ್ಸಾಂಗನ ನೆನಪಾಯಿತು. ಏಳನೆಯ ಶತಮಾನದಲ್ಲಿ ಅಪ್ಪಣೆಯಿಲ್ಲದೆ ದೇಶ ಬಿಟ್ಟ ಆ ಭಿಕ್ಷುವನ್ನು ಇದೇ ತುರ್ಫಾನಿನ ಸೀಮೆಯ ಗಾವೊಚಾಂಗಿನ ಅರಸು ತಡೆದು ನಿಲ್ಲಿಸಿದ್ದ. ಭಿಕ್ಷು ಉಪವಾಸ ಹೂಡಿದ. ಅರಸು ಮಣಿದು ಮುಂದಿನ ದಾರಿಗೆ ಪತ್ರಗಳನ್ನು ಕೊಟ್ಟು ಕಳಿಸಿದ. ಅವನು ನಾಲಂದದಲ್ಲಿ ಶೀಲಭದ್ರರ ಬಳಿ ಓದಿ, ನಮ್ಮ ದೇಶವನ್ನೆಲ್ಲ ಸುತ್ತಿ, 645ರಲ್ಲಿ ಮರಳಿದ. ಅನ್ಯದೇಶದ ವಿದ್ಯಾರ್ಥಿಯ ಪಾಡು ಅಂದಿಗೂ ಇಂದಿಗೂ ಒಂದೇ. ಎಷ್ಟು ಓದಿದ್ದರೂ ಅವನು ಇನ್ನೊಬ್ಬರ ಮುದ್ರೆಗೆ ಕಾಯಬೇಕು.

ಇಲ್ಲಿಂದಲೇ ನನ್ನ ತಕರಾರು ಹೊರಡುತ್ತದೆ. ಉಯ್ಗುರರಿಗಾಗಲಿ ಟಿಬೆಟನ್ನರಿಗಾಗಲಿ ಚೀನೀ ಮನೆಮಾತಲ್ಲ, ಕಚೇರಿಯ ಮಾತು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ತನ್ನ ಮನೆಯವರು ಪಟ್ಟ ಪಾಡನ್ನು ಲ್ಹಾಸಾದ ಟಿಬೆಟನ್ ತರುಣನೊಬ್ಬ ಹೇಳಿಕೊಳ್ಳುವ ಭಾಗ ಮನಸ್ಸನ್ನು ಕಲಕುತ್ತದೆ. ತಾಯ್ನುಡಿಯಲ್ಲಿ ಹೇಳಿದ್ದರೆ ಆ ದುಃಖ ಹೇಗೆ ಕೇಳಿಸುತ್ತಿತ್ತು? ಅಷ್ಟು ಕಷ್ಟಪಟ್ಟು ಕಲಿತ ಭಾಷೆ ಒಬ್ಬನಿಗೆ ಸ್ನೇಹದ ಭಾಷೆಯಾಗಿ, ಇನ್ನೊಬ್ಬನಿಗೆ ಅಧಿಕಾರದ ಭಾಷೆಯಾಗಿ ಕೇಳಿಸೀತೆಂಬ ಸೂಕ್ಷ್ಮವನ್ನು ಲೇಖಕರು ಇನ್ನಷ್ಟು ಬಿಡಿಸಿ ಹೇಳಬೇಕಿತ್ತು.

ಎರಡನೆಯ ಕೊರತೆ, ನಾನ್‌ಜಿಂಗಿನ ದಿನಗಳು ಇಲ್ಲಿ ಅಲ್ಲೊಂದು ಇಲ್ಲೊಂದು ನೆನಪಾಗಿ ಬಂದು ಹೋಗುವುದು. ಫಲವನ್ನು ಬಡಿಸಿದ ಲೇಖಕರು ಬೇಸಾಯವನ್ನು ತೋರಿಸಲಿಲ್ಲ. ಈ ಮಾತಿನಲ್ಲಿ ಪೀಟರ್ ಹೆಸ್ಲರ್ ಎಂಬ ಅಮೆರಿಕನ್ನರ ‘ರಿವರ್ ಟೌನ್’ (2001) ಮೇಲು. 1996ರಿಂದ ಎರಡು ವರ್ಷ ಯಾಂಗ್‌ತ್ಸೆ ನದಿಯ ದಡದ ಫುಲಿಂಗ್ ಊರಿನಲ್ಲಿ ಇಂಗ್ಲಿಷ್ ಕಲಿಸುತ್ತ ಚೀನೀ ಕಲಿತವರು ಇವರು. ಪಾಠದಲ್ಲಿ ಪ್ರತಿ ತಪ್ಪಿಗೂ ಉಪಾಧ್ಯಾಯರು ‘ಬು ದುಯ್’, ‘ಸರಿಯಲ್ಲ’ ಎಂದು ಮುಖಕ್ಕೆ ಹೊಡೆದಂತೆ ಹೇಳುವುದನ್ನೂ, ಆ ಅವಮಾನ ನುಂಗಿ ಕಲಿತದ್ದನ್ನೂ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಆದರೆ ಗದ್ಯದ ಲವಲವಿಕೆಯಲ್ಲಿ, ಕಂಡವರನ್ನು ನಾಲ್ಕೇ ಮಾತಿನಲ್ಲಿ ನಿಲ್ಲಿಸುವ ಕೌಶಲದಲ್ಲಿ ನನ್ನ ಮತ ಸೇಠ್ ಅವರಿಗೆ. ಅವರ ಚೀನೀ ಓದು ಒಂದು ಪ್ರವಾಸಕ್ಕೆ ಮುಗಿಯಲಿಲ್ಲವೆಂಬುದಕ್ಕೆ ವಾಂಗ್ ವೇ, ಲೀ ಬಾಯ್, ದು ಫು ಇವರ ಕವಿತೆಗಳನ್ನು ಅವರು ಅನುವಾದಿಸಿ 1992ರಲ್ಲಿ ಪ್ರಕಟಿಸಿದ್ದೇ ಸಾಕ್ಷಿ.

ವೈದ್ಯ ಓದಲೆಂದು ನಮ್ಮ ಕಡೆಯ ಮಕ್ಕಳೂ ಚೀನಕ್ಕೆ ಹೋಗುವುದುಂಟು. ಆಸ್ಪತ್ರೆಯಲ್ಲಿ ರೋಗಿಯ ನೋವು ಕೇಳಿ ತಿಳಿಯುವುದಕ್ಕಾದರೂ ಅವರು ಆ ಭಾಷೆ ಕಲಿಯಬೇಕು. ಅವರಲ್ಲಿ ಒಬ್ಬರು ತಾವು ಕಲಿತ ಬಗೆಯನ್ನು, ತಪ್ಪಿ ನಗೆಪಾಟಲಾದದ್ದನ್ನು, ರಜೆಯಲ್ಲಿ ರೈಲು ಹತ್ತಿ ಕಂಡ ಜನರನ್ನು ಕನ್ನಡದಲ್ಲಿ ಬರೆದಾರೆ? ಬರೆದರೆ, ಮುಚ್ಚಿಟ್ಟ ಬಾಲಬೋಧೆಯನ್ನು ಮತ್ತೆ ತೆರೆಯಲು ನಾನು ಸಿದ್ಧ.