ಕಾವಲಿಲ್ಲದ ದಾರಿ: ‘ಫ್ರತೆಲ್ಲಿ ತುತ್ತಿ’ಯ ಸಮಾರ್ಯದವನನ್ನು ಕುರಿತು

ಪೋಪ್ ಫ್ರಾನ್ಸಿಸರು 2020ರ ಅಕ್ಟೋಬರ್ 3ರಂದು ಅಸ್ಸಿಸಿಯಲ್ಲಿ ಸಹಿ ಮಾಡಿದ ‘ಫ್ರತೆಲ್ಲಿ ತುತ್ತಿ’ ವಿಶ್ವಪರಿಪತ್ರದ ಎರಡನೆಯ ಅಧ್ಯಾಯವು ಒಳ್ಳೆಯ ಸಮಾರ್ಯದವನ ಸಾಮತಿಗೆ ಬರೆದ ವ್ಯಾಖ್ಯಾನ. ನಿರಾಶ್ರಿತರ ಕುರಿತು ಪ್ರಬೋಧನೆ ಸಿದ್ಧಪಡಿಸುವ ಗುರುಗಳೂ ಗುರು ಅಭ್ಯರ್ಥಿಗಳೂ ಮೊದಲು ತೆರೆಯುವುದು ಇದೇ ಅಧ್ಯಾಯವನ್ನು. ದೋಚಿದವರು, ದಾಟಿಹೋದವರು, ಬಿದ್ದವನು, ನಿಂತವನು ಇವರಲ್ಲಿ ನಾವು ಯಾರೆಂಬ ಪ್ರಶ್ನೆಯಿಂದ ಪತ್ರವು ಓದುಗನನ್ನು ಬಿಡುಗಡೆ ಮಾಡುವುದಿಲ್ಲ. ಅದರ ಬಲವನ್ನು ಅಲ್ಲಗಳೆಯುವುದು ಈ ಬರಹದ ಉದ್ದೇಶವಲ್ಲ. ಆದರೆ ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ಆ ದಾರಿಯಲ್ಲಿ ಕಾವಲುಗಾರನಿಲ್ಲ. ಗಾಯಾಳುವಿನ ಬಳಿಗೆ ಹೋಗಲು ಸಮಾರ್ಯದವನು ಯಾರ ಅಪ್ಪಣೆಯನ್ನೂ ಪಡೆಯಬೇಕಾಗಿರಲಿಲ್ಲ. ಅವನ ಮುಂದಿದ್ದದ್ದು ಕನಿಕರದ ಪ್ರಶ್ನೆಯೊಂದೇ.

ಇಂದಿನ ನಿರಾಶ್ರಿತನ ಸ್ಥಿತಿ ಹಾಗಿಲ್ಲ. ಮೂರನೆಯ ದೇಶವೊಂದರಲ್ಲಿ ಅವನಿಗೆ ನೆಲೆ ಸಿಗಬೇಕಾದರೆ ಮೊದಲು ಯಾರಾದರೂ ಅವನೆದುರು ಕುಳಿತು, ದುಭಾಷಿಯ ಮೂಲಕ, ಏಕಾಂತದಲ್ಲಿ ಅವನ ಕಥೆಯನ್ನು ಕೇಳಬೇಕು. ಆ ಸಂದರ್ಶನ ನಡೆಯಬೇಕಾದರೆ ಶಿಬಿರವಿರುವ ದೇಶದ ಸರಕಾರ ಒಪ್ಪಬೇಕು. ಅಧಿಕಾರಿಗಳಿಗೆ ವೀಸಾ, ಶಿಬಿರದೊಳಕ್ಕೆ ಪ್ರವೇಶ, ಆಯ್ಕೆಯಾದವರಿಗೆ ದೇಶ ಬಿಡುವ ಅನುಮತಿ, ಇವೆಲ್ಲ ಮಾತುಕತೆಯಲ್ಲಿ ತೀರ್ಮಾನವಾಗುತ್ತವೆ. ಯಾರ ಮಾತನ್ನು ಕೇಳಬಹುದು, ಯಾರದನ್ನು ಕೇಳಕೂಡದು ಎಂಬುದು ಸಂತ್ರಸ್ತನು ಬಾಯಿ ತೆರೆಯುವ ಮೊದಲೇ ಬೇರೊಂದು ಕೋಣೆಯಲ್ಲಿ ನಿಶ್ಚಯವಾಗಿರುತ್ತದೆ. ನಮ್ಮ ಆತಿಥ್ಯದ ದೈವಶಾಸ್ತ್ರ ಈ ಕೋಣೆಯನ್ನು ಹೊಕ್ಕಿಲ್ಲ.

ಪೋಪರಿಗೆ ಇದು ತಿಳಿಯದ ವಿಷಯವಾಗಿರಲಿಲ್ಲ. 2016ರ ಏಪ್ರಿಲ್ 16ರಂದು ಲೆಸ್ಬೋಸ್ ದ್ವೀಪದಿಂದ ಮೂರು ಸಿರಿಯನ್ ಕುಟುಂಬಗಳ 12 ಮಂದಿಯನ್ನು ಅವರು ತಮ್ಮ ವಿಮಾನದಲ್ಲಿಯೇ ರೋಮಿಗೆ ಕರೆತಂದರು. ಹನ್ನೆರಡೂ ಜನ ಮುಸ್ಲಿಮರು. ಲೋಕ ಕಂಡದ್ದು ಕನಿಕರವನ್ನು. ಅದರ ಹಿಂದೆ ವ್ಯಾಟಿಕನ್, ಇಟಲಿ, ಗ್ರೀಸ್ ಈ ಮೂರು ಸರಕಾರಗಳ ಒಪ್ಪಿಗೆಯಿತ್ತು, ಪರಿಶೀಲಿಸಿದ ಕಾಗದಪತ್ರಗಳಿದ್ದವು. ಕಾಗದಪತ್ರ ಸರಿಯಿದ್ದವರಷ್ಟೇ ವಿಮಾನ ಹತ್ತಿದರು. ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ ವೀಸಾಗಳ ಸರಳೀಕರಣ, ಮಾನವೀಯ ಹಾದಿಗಳು ಮುಂತಾದವುಗಳ ಪಟ್ಟಿ ಇದೆ, ನಿಜ. ಆದರೆ ಆ ಪಟ್ಟಿ ಬರಮಾಡಿಕೊಳ್ಳುವ ದೇಶವನ್ನು ನೋಡುತ್ತದೆ, ತಡೆದಿಟ್ಟುಕೊಂಡಿರುವ ದೇಶವನ್ನಲ್ಲ. ಎರಡನೆಯ ಅಧ್ಯಾಯದ ಸಮಾರ್ಯದವನಿಗೂ ನಾಲ್ಕನೆಯ ಅಧ್ಯಾಯದ ಪಟ್ಟಿಗೂ ನಡುವೆ ಮಾತುಕತೆಯೇ ಇಲ್ಲ. ನಮ್ಮ ಪ್ರಬೋಧಕರು ಮೊದಲನೆಯದನ್ನು ತೆಗೆದುಕೊಂಡು ಎರಡನೆಯದನ್ನು ಸಮಾಜಸೇವಾ ವಿಭಾಗಕ್ಕೆ ಬಿಟ್ಟುಕೊಡುವುದಕ್ಕೆ ಈ ಬಿರುಕೇ ಕಾರಣವೆಂದು ನನಗೆ ತೋರುತ್ತದೆ.

ಈ ಬಿರುಕಿನಲ್ಲಿ ಏನೇನು ನಡೆಯುತ್ತದೆಂಬುದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿಯಿದೆ. ಭಾರತವು 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ. 1992ರಲ್ಲಿ ಶ್ರೀಲಂಕಾದ ತಮಿಳು ನಿರಾಶ್ರಿತರನ್ನು ತಮಿಳುನಾಡಿನಿಂದ ಹಿಂದಕ್ಕೆ ಕಳುಹಿಸತೊಡಗಿದಾಗ, ಅವರು ಮನಃಪೂರ್ವಕವಾಗಿ ಹೋಗುತ್ತಿದ್ದಾರೆಯೇ ಎಂಬ ಸಂಶಯ ಎದ್ದಿತು. ಮಾತುಕತೆಯ ಬಳಿಕ ಆ ವರ್ಷದ ಜುಲೈಯಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಗೆ ಮದ್ರಾಸಿನಲ್ಲಿ ಸೀಮಿತ ಅವಕಾಶ ದೊರೆಯಿತು: ಹೊರಡಲು ಸಿದ್ಧರಾದವರನ್ನು ಸಂದರ್ಶಿಸಬಹುದು, ಶಿಬಿರಗಳೊಳಗೆ ಕಾಲಿಡುವಂತಿಲ್ಲ. ಹೋಗಲು ಒಲ್ಲೆನೆಂದು ಒಳಗೆ ಕುಳಿತವನನ್ನು ಕೇಳುವವರಿಲ್ಲ. ಗಂಟುಮೂಟೆ ಕಟ್ಟಿ ನಿಂತವನನ್ನು ಮಾತ್ರ ‘ಇಷ್ಟಪಟ್ಟು ಹೋಗುತ್ತಿದ್ದೀಯಾ’ ಎಂದು ಕೇಳಬಹುದು. ಇಷ್ಟಕ್ಕಾದರೂ ಒಪ್ಪಿದ್ದು ಸರಿಯೇ ಎಂಬುದು ಸುಲಭದ ಪ್ರಶ್ನೆಯಲ್ಲ. ಒಪ್ಪದಿದ್ದರೆ ಆ ಒಂದು ಪ್ರಶ್ನೆಯನ್ನು ಕೇಳುವವರೂ ಇರುತ್ತಿರಲಿಲ್ಲ.

ಭೂತಾನದಿಂದ ಹೊರದೂಡಲ್ಪಟ್ಟು ಪೂರ್ವ ನೇಪಾಳದ ಶಿಬಿರಗಳಲ್ಲಿದ್ದ ಲಕ್ಷಕ್ಕೂ ಹೆಚ್ಚು ಜನರ ಪಾಡು ಇದಕ್ಕೆ ಪೂರಕವಾದದ್ದು. 2001ರಲ್ಲಿ ಖುದುನಾಬಾರಿ ಶಿಬಿರದಲ್ಲಿ ಎರಡೂ ಸರಕಾರಗಳ ಜಂಟಿ ತಂಡ, ಹೈಕಮಿಷನರ್ ಕಚೇರಿಯನ್ನು ಹೊರಗಿಟ್ಟು, ಸಂದರ್ಶನ ನಡೆಸಿತು. 2003ರಲ್ಲಿ ಹೊರಬಂದ ಫಲಿತಾಂಶದ ಪ್ರಕಾರ ಶೇಕಡ 70ರಷ್ಟು ಜನ ತಾವಾಗಿಯೇ ದೇಶ ಬಿಟ್ಟವರು! ನೇಪಾಳ ಮುಂದೆ ಮೂರನೆಯ ದೇಶಗಳ ಅಧಿಕಾರಿಗಳನ್ನು ಒಳಗೆ ಬಿಟ್ಟ ಮೇಲೆ, 2007ರ ಕೊನೆಯಿಂದ, ಇದೇ ಶಿಬಿರಗಳ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಅಮೆರಿಕ ಮೊದಲಾದೆಡೆ ನೆಲೆ ಕಂಡರು. ಜನ ಅವರೇ, ಕಥೆಯೂ ಅದೇ. ಬದಲಾದದ್ದು ಕೇಳುವವರು.

ಕೇಳದೆಯೇ ಮುಗಿಸಿಬಿಟ್ಟ ಮಾತುಕತೆಯೂ ಉಂಟು. 1964ರ ಅಕ್ಟೋಬರ್ 30ರ ಸಿರಿಮಾ–ಶಾಸ್ತ್ರಿ ಒಪ್ಪಂದವು ಸಿಲೋನಿನ ಚಹಾ ತೋಟಗಳ 9,75,000 ತಮಿಳು ಕಾರ್ಮಿಕ ಜನರನ್ನು ಹಂಚಿತು. ಭಾರತಕ್ಕೆ 5,25,000, ಸಿಲೋನಿಗೆ 3,00,000. ಉಳಿದ 1,50,000 ಮಂದಿಯ ವಿಷಯ ಮುಂದೆ ನೋಡೋಣವೆಂದು ಬಿಟ್ಟರು. ಹತ್ತು ವರ್ಷದ ನಂತರ, 1974ರಲ್ಲಿ, ಅವರನ್ನು ತಲಾ 75,000ದಂತೆ ಸಮಪಾಲು ಮಾಡಿಕೊಂಡರು. ತೋಟದ ಜನರ ಪ್ರತಿನಿಧಿಗಳನ್ನು ಕೇಳಿ ಮಾಡಿದ ಲೆಕ್ಕ ಇದಲ್ಲ. ಹಾಗೆ ಬಂದವರಲ್ಲಿ ಒಂದು ಭಾಗ ನಮ್ಮ ಸುಳ್ಯ, ಪುತ್ತೂರು ತಾಲ್ಲೂಕುಗಳ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಹಾಲು ಇಳಿಸುವ ಕೂಲಿಗಳಾಗಿ ನೆಲೆನಿಂತಿತು.

ಇಂಥ ಕೋಣೆಯನ್ನು ಹೊಗುವ ವಾಕ್ಯಭಾಗ ಲೂಕ 10 ಅಲ್ಲ, ವಿಮೋಚನಕಾಂಡದ 8ರಿಂದ 10ರವರೆಗಿನ ಅಧ್ಯಾಯಗಳು. ಬಾಧೆಗಳ ಅದ್ಭುತದಲ್ಲಿ ಮುಳುಗಿ ನಾವು ಅಲ್ಲಿನ ಚೌಕಾಸಿಯನ್ನು ಮರೆಯುತ್ತೇವೆ. ಮೋಶೆ ಮೊದಲು ಕೇಳಿದ್ದು ಮೂರು ದಿನದ ಪ್ರಯಾಣಕ್ಕೆ ಅನುಮತಿ, ಅಷ್ಟೇ. ಫರೋಹನು ಒಂದೊಂದಾಗಿ ರಿಯಾಯಿತಿ ಕೊಡುತ್ತ ಹೋಗುತ್ತಾನೆ: ಈ ದೇಶದಲ್ಲೇ ಇದ್ದು ಯಜ್ಞ ಮಾಡಿ, ಹೋಗಿ, ಬಹುದೂರ ಬೇಡ, ಗಂಡಸರು ಮಾತ್ರ ಹೋಗಿ, ಎಲ್ಲರೂ ಹೋಗಿ, ದನಕುರಿ ಇರಲಿ. ಹತ್ತನೆಯ ಅಧ್ಯಾಯದಲ್ಲಿ ಅವನು ಕೇಳುವ ಪ್ರಶ್ನೆ, ಹೋಗುವವರು ಯಾರು ಯಾರು ಎಂಬುದು, ಪ್ರತಿಯೊಂದು ಪುನರ್ವಸತಿ ಮಾತುಕತೆಯ ಪ್ರಶ್ನೆಯೂ ಹೌದು. ಮೋಶೆ ಮಾತುಕತೆಯನ್ನು ಹೊಲಸೆಂದು ತಿರಸ್ಕರಿಸಿದವನಲ್ಲ. ಮತ್ತೆ ಮತ್ತೆ ಅರಮನೆಗೆ ಹೋದ. ಸಣ್ಣ ಬೇಡಿಕೆಯಿಂದ ಆರಂಭಿಸಿದ. ಫರೋಹನಿಗಾಗಿ ಪ್ರಾರ್ಥಿಸಿದ ಕೂಡ. ಆದರೆ ಪಟ್ಟಿಯನ್ನು ಒಡೆಯಲು ಒಪ್ಪಲಿಲ್ಲ. ಎಳೆಯರು, ಮುದುಕರು, ಗಂಡುಮಕ್ಕಳು, ಹೆಣ್ಣುಮಕ್ಕಳು, ಕೊನೆಗೆ ಜಾನುವಾರು ಸಹ, ಎಲ್ಲರ ಹೆಸರೂ ಅವನ ಉತ್ತರದಲ್ಲಿವೆ. ಗಂಡಸರನ್ನಾದರೂ ಬಿಡಿಸಿಕೊಂಡು ಬರೋಣವೆಂಬ ವಿವೇಕ ಅವನಿಗೆ ತೋಚದೆ ಇರಲಿಲ್ಲ ಎಂದೇ ನಾನು ಭಾವಿಸುತ್ತೇನೆ. ಆ ವಿವೇಕವನ್ನು ಒಪ್ಪಿದ್ದರೆ ಉಳಿದವರು ಒತ್ತೆಯಾಳುಗಳಾಗುತ್ತಿದ್ದರು. 1964ರಲ್ಲಿ ‘ಮುಂದೆ ನೋಡೋಣ’ ಎಂದು ಬಿಟ್ಟ ಒಂದೂವರೆ ಲಕ್ಷ ಜನ ಹತ್ತು ವರ್ಷ ಯಾವ ದೇಶಕ್ಕೂ ಸೇರದೆ ಉಳಿದದ್ದನ್ನು ಈ ಅಧ್ಯಾಯದ ಪಕ್ಕದಲ್ಲಿಟ್ಟು ಓದಬೇಕು.

ವಿಜಯದಾಸರ ಊರೆಂದು ಹೆಸರಾದ ಚೀಕಲಪರ್ವಿಯಂಥ ತುಂಗಭದ್ರೆಯ ದಂಡೆಯ ಹಳ್ಳಿಗಳಲ್ಲಿ ಸೇವೆ ಮಾಡುವವರಿಗೆ ಇದು ದೂರದ ಚರ್ಚೆಯೆನಿಸಬೇಕಾಗಿಲ್ಲ. ಮಾನ್ವಿಯ ನೆರೆಯ ಸಿಂಧನೂರು ತಾಲ್ಲೂಕಿನ ‘ಆರ್.ಎಚ್. ಕ್ಯಾಂಪು’ಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು ದಶಕಗಳಿಂದ ಬೇಸಾಯ ಮಾಡಿಕೊಂಡಿವೆ. ಅವರಲ್ಲಿ ಕೆಲವರಿಗೆ ಪೌರತ್ವ ದೊರೆತದ್ದು 2024ರಲ್ಲಿ, 2019ರ ಪೌರತ್ವ ತಿದ್ದುಪಡಿ ಕಾಯ್ದೆಯಡಿ. ಅವರ ಸಂತೋಷದಲ್ಲಿ ಪಾಲುಗೊಳ್ಳದ ಸಭೆ ಸಭೆಯೇ ಅಲ್ಲ. ಆದರೆ ಆ ಕಾಯ್ದೆಯೂ ಹೋಗುವವರು ಯಾರು ಯಾರೆಂದು ಕೇಳಿ ಪಟ್ಟಿ ಮಾಡಿದೆ: ಮೂರು ದೇಶ, ಆರು ಸಮುದಾಯ. ಬಾಂಗ್ಲಾದೇಶದ ಹಿಂದೂ ಇದ್ದಾನೆ, ಮುಸ್ಲಿಮನಿಲ್ಲ. ಶ್ರೀಲಂಕಾ ಪಟ್ಟಿಯಲ್ಲೇ ಇಲ್ಲದ ಕಾರಣ ತಮಿಳುನಾಡಿನ ಶಿಬಿರಗಳ ಹಿಂದೂವೂ ಇಲ್ಲ, ಕ್ರೈಸ್ತನೂ ಇಲ್ಲ. ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ ಬಂದ ಕ್ರೈಸ್ತರ ಹೆಸರು ಆ ಆರರಲ್ಲಿ ಒಂದಾಗಿದೆ. ಹೆಸರು ಸೇರಿರುವಾಗ ಸುಮ್ಮನಿರುವುದು ಸುಲಭ. ಫರೋಹನು ಗಂಡಸರು ಹೋಗಬಹುದೆಂದಾಗ ಮೋಶೆಯ ಹೆಸರೂ ಆ ಪಟ್ಟಿಯಲ್ಲಿತ್ತು.