ಉರುಮೆ, ಫಂಕ್ ಮತ್ತು ಕೇಳಿದವರ ನೆನಪು

ಬೆಂಗಳೂರಿನ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ತಂಡದ ಹಳೆಯ ಅಭಿಮಾನಿಗಳನ್ನು ಮಾತಿಗೆಳೆದರೆ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. ಒಂದು, ಇವರಿಗೆ ಸಿಗಬೇಕಾದಷ್ಟು ಹೆಸರು ಸಿಗಲಿಲ್ಲ. ಎರಡು, ಇವರನ್ನು ಸೀಡಿಯಲ್ಲಿ ಕೇಳಿದರೆ ಸಾಲದು, ಎದುರಿಗೆ ನಿಂತು ಕೇಳಬೇಕು. ಮೊದಲನೆಯದು ಅಳಲು. ಎರಡನೆಯದರಲ್ಲಿ ಆ ಸಂಗೀತದ ಸ್ವರೂಪದ ಬಗ್ಗೆ ಒಂದು ತೀರ್ಮಾನವಿದೆ. ಆದರೆ ನಾವು ಎರಡನ್ನೂ ‘ಅಭಿಮಾನಿಗಳ ಮಾತು’ ಎಂದು ಒಟ್ಟಿಗೆ ಪಕ್ಕಕ್ಕಿಡುತ್ತೇವೆ. ಎರಡನೆಯ ಮಾತನ್ನು ವಿಮರ್ಶೆಯಾಗಿ ಓದಲು ಸಾಧ್ಯವೇ ಎನ್ನುವುದು ನನ್ನ ಪ್ರಶ್ನೆ.

ತಂಡದ ಪರಿಚಯವಿಲ್ಲದವರಿಗೆ ಎರಡು ಮಾತು. 1996ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ತಂಡ ಇದು. ಗಿಟಾರ್ ನುಡಿಸುತ್ತ ಹಾಡುವ ಬ್ರೂಸ್ ಲೀ ಮಣಿ, ಡ್ರಮ್ಸ್‌ನ ರಾಜೀವ್ ರಾಜಗೋಪಾಲ್ ಮೊದಲಿನಿಂದಲೂ ಇದ್ದವರು. ಶುರುವಿನಲ್ಲಿದ್ದವರು ಮೂವರು ಮಲಯಾಳಿಗಳು, ಇನ್ನೊಬ್ಬರು ಕಾಲು ಭಾಗ ಮಲಯಾಳಿ; ಆ ಲೆಕ್ಕವೇ ತಮಾಷೆಯಾಗಿ ತಂಡದ ಹೆಸರಾಯಿತು. ರಾಕ್‌ನ ಗಿಟಾರು, ಜಾಝ್‌ನ ಸ್ವರಜೋಡಣೆ, ಫಂಕ್‌ನ ಲಯ ಮೂರನ್ನೂ ಬೆರೆಸಿದ ತಮ್ಮ ಸಂಗೀತವನ್ನು ಅವರೇ ‘ಬ್ಯಾಂಗಲೋರ್ ರಾಕ್’ ಎಂದು ಕರೆದುಕೊಂಡರು. 2012ರಲ್ಲಿ ಬಂದ ‘ತ್ರೀ ವೀಲ್ಸ್ ನೈನ್ ಲೈವ್ಸ್’ ಮೂರು ಸೀಡಿಗಳ ದೊಡ್ಡ ಆಲ್ಬಂ. ಹೆಸರಿನಲ್ಲೇ ನಮ್ಮ ಆಟೋರಿಕ್ಷಾದ ಮೂರು ಚಕ್ರಗಳಿವೆ. ಊರು ಬೆಂಗಳೂರು, ವಸ್ತು ಬೆಂಗಳೂರು, ಹಾಡಿನ ಭಾಷೆ ಮಾತ್ರ ಇಂಗ್ಲಿಷ್.

ನನ್ನ ಪಿಎಚ್.ಡಿ. ವಿಷಯ ಈ ತಂಡವಲ್ಲ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಜಾತ್ರೆ, ಹಟ್ಟಿಗಳ ಹಾಡು ಮತ್ತು ವಾದ್ಯ. ಶೇಂಗಾ ಎಣ್ಣೆಯ ಗಿರಣಿಗಳ ಊರು ಒಂದು, ರೇಷ್ಮೆ ಸೀರೆಯ ಮಗ್ಗಗಳ ಊರು ಇನ್ನೊಂದು. ಬೆಂಗಳೂರಿನ ರಾಕ್ ಕಛೇರಿಗೂ ಈ ಬಯಲುಸೀಮೆಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಆ ಎರಡನೆಯ ಮಾತಿನಲ್ಲಿದೆ. ಉರುಮೆ ಕೇಳಿ ಬೆಳೆದ ಹಿರಿಯರು ನನ್ನ ಮೊಬೈಲಿನ ರೆಕಾರ್ಡಿಂಗ್ ಕೇಳಿ ಆಡುವ ಮಾತೂ ಹೆಚ್ಚುಕಡಿಮೆ ಇದೇ: ‘ಇದ್ರಾಗೇನೈತೆ, ದ್ಯಾವ್ರ ಮುಂದೆ ನಿಂತು ಕೇಳ್ಬೇಕು.’ ಪರಸ್ಪರ ಕಂಡೂ ಕೇಳಿಯೂ ಇರದ ಎರಡು ಬಗೆಯ ಕೇಳುಗರು ಒಂದೇ ತೀರ್ಮಾನಕ್ಕೆ ಬಂದಿದ್ದರೆ, ಅದು ಬರೀ ಹಳೆಯ ದಿನಗಳ ಹಂಬಲವಾಗಿರಲಾರದು.

ಮೊದಲು ಫಂಕ್. 1960ರ ದಶಕದಲ್ಲಿ ಅಮೆರಿಕದ ಕಪ್ಪು ಸಂಗೀತಗಾರರು ಕಟ್ಟಿದ ಶೈಲಿ ಇದು. ಜೇಮ್ಸ್ ಬ್ರೌನ್ ತನ್ನ ತಂಡದವರಿಗೆ ಹೇಳುತ್ತಿದ್ದುದರ ಸಾರ ಇಷ್ಟು: ನಾಲ್ಕು ಎಣಿಕೆಯ ಆವರ್ತದಲ್ಲಿ ಮೊದಲನೆಯ ಎಣಿಕೆಯ ಮೇಲೆ ಎಲ್ಲರೂ ಗಟ್ಟಿಯಾಗಿ ಬಂದು ಬೀಳಿ, ಉಳಿದ ಮೂರರಲ್ಲಿ ಬೇಕಾದಂತೆ ಆಡಿ. ಹಾಗಾಗಿ ಫಂಕ್‌ನಲ್ಲಿ ಸ್ವರದಷ್ಟೇ ಮುಖ್ಯ ಸ್ವರಗಳ ನಡುವಿನ ಖಾಲಿ ಜಾಗ. ಬೇಸ್ ಗಿಟಾರಿನ ತಂತಿಯನ್ನು ಹೆಬ್ಬೆರಳಿನಿಂದ ಬಡಿಯುವ ಕ್ರಮವೂ ಒಂದು ಖಾಲಿ ಜಾಗದಿಂದಲೇ ಬಂದದ್ದು. ಲ್ಯಾರಿ ಗ್ರಹಾಂ ತನ್ನ ತಾಯಿಯ ಜೊತೆ ಇಬ್ಬರೇ ಕಾರ್ಯಕ್ರಮ ಕೊಡುತ್ತಿದ್ದ ದಿನಗಳಲ್ಲಿ ಡ್ರಮ್ಸ್ ನುಡಿಸುವವರಿರಲಿಲ್ಲ. ಆ ಕೊರತೆ ತುಂಬಲು ತಂತಿಯನ್ನೇ ಚರ್ಮವಾದ್ಯದಂತೆ ಬಡಿಯತೊಡಗಿದ. ಮುಂದೆ ‘ಸ್ಲೈ ಅಂಡ್ ದಿ ಫ್ಯಾಮಿಲಿ ಸ್ಟೋನ್’ ತಂಡದ ಮೂಲಕ ಆ ಬಡಿತ ಜಗತ್ತಿಗೆಲ್ಲ ಹರಡಿತು.

ನುಡಿಸುವವರು ಬಿಟ್ಟ ಖಾಲಿ ಜಾಗವನ್ನು ಕೇಳುವವರ ಮೈ ತುಂಬುತ್ತದೆ. ಕತ್ತು, ಹೆಗಲು, ಹಿಮ್ಮಡಿ ಯಾವುದೋ ಒಂದು ಆ ಎಣಿಕೆಯನ್ನು ಪೂರೈಸುತ್ತದೆ. ಮನೆಯಲ್ಲಿ ಕುಳಿತು ಕೇಳಿದಾಗಲೂ ಇದು ಸ್ವಲ್ಪ ಮಟ್ಟಿಗೆ ನಡೆಯುತ್ತದೆ. ಆದರೆ ಸಾವಿರ ಜನ ಒಟ್ಟಿಗೆ ಅದೇ ಖಾಲಿ ಜಾಗ ತುಂಬಿದಾಗ, ಅದು ನುಡಿಸುವವರಿಗೂ ತಲುಪಿ, ಅವರು ಆ ಭಾಗವನ್ನು ಇನ್ನೆರಡು ಆವರ್ತ ಎಳೆಯುತ್ತಾರೆ. ‘ಎದುರಿಗೆ ನಿಂತು ಕೇಳಬೇಕು’ ಎನ್ನುವುದರ ಅರ್ಥ ಇದು. ಕೇಳುಗರು ಇಲ್ಲಿ ಸಂಗೀತದ ಹೊರಗಿಲ್ಲ, ಅದರ ಒಂದು ಭಾಗ ಅವರ ವಶದಲ್ಲಿದೆ. ರೆಕಾರ್ಡಿಂಗ್‌ನಲ್ಲಿ ಕಾಣೆಯಾಗುವುದು ಆ ಭಾಗವೇ.

ಜೇಮ್ಸ್ ಬ್ರೌನ್‌ಗೆ ಇದು ಗೊತ್ತಿತ್ತು. 1962ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಅಪೊಲೊ ಥಿಯೇಟರಿನ ತನ್ನ ಕಾರ್ಯಕ್ರಮವನ್ನು ಧ್ವನಿಮುದ್ರಿಸಬೇಕೆಂದಾಗ ಕಂಪನಿಯ ಯಜಮಾನ ಒಪ್ಪಲಿಲ್ಲ. ಹೊಸ ಹಾಡಿಲ್ಲದ ಆಲ್ಬಂ ಯಾರು ಕೊಳ್ಳುತ್ತಾರೆ ಎನ್ನುವುದು ಅವನ ಲೆಕ್ಕ. ಬ್ರೌನ್ ಸ್ವಂತ ಹಣ ಹಾಕಿದ. 1963ರಲ್ಲಿ ಬಿಡುಗಡೆಯಾದ ಆ ಆಲ್ಬಂ ಬಿಲ್‌ಬೋರ್ಡ್ ಪಟ್ಟಿಯಲ್ಲಿ 66 ವಾರ ಉಳಿಯಿತು. ಹತ್ತು ನಿಮಿಷ ಮೀರಿದ ‘ಲಾಸ್ಟ್ ಸಮ್‌ಒನ್’ ಹಾಡಿನಲ್ಲಿ ಸಭೆಯ ಕೂಗು ಎಲ್ಲೆಲ್ಲಿ ಏಳುತ್ತದೆ, ಅದಕ್ಕಾಗಿ ಬ್ರೌನ್ ಎಲ್ಲೆಲ್ಲಿ ಕಾಯುತ್ತಾನೆ ಎಂದು ಗಮನಿಸಿ. ಸಭೆಯನ್ನು ತೆಗೆದರೆ ಹಾಡು ಅರ್ಧವಾಗುತ್ತದೆ.

ಈಗ ಉರುಮೆಗೆ ಬರೋಣ. ಡಮರಿನಂತೆ ನಡು ಸಣ್ಣಗಿರುವ, ಎರಡು ಮುಖದ ವಾದ್ಯ. ಒಂದು ಮುಖವನ್ನು ಕೋಲಿನಿಂದ ಬಡಿಯುತ್ತಾರೆ, ಇನ್ನೊಂದನ್ನು ಬಾಗಿದ ಕೋಲಿನಿಂದ ಉಜ್ಜುತ್ತಾರೆ. ಬಡಿತದ ಸದ್ದು ಖಚಿತ. ಉಜ್ಜಿದಾಗ ಏಳುವ ಸದ್ದು ಕೆಳಗಿನಿಂದ ಮೇಲಕ್ಕೆ ಜಾರುತ್ತ, ಎತ್ತು ಗುಟುರು ಹಾಕಿದಂತೆ ಹೊಟ್ಟೆಗೆ ತಾಗುತ್ತದೆ. ದೇವರ ಎತ್ತುಗಳನ್ನು ಸಾಕುವ ಮ್ಯಾಸ ನಾಯಕರ ದೇವರುಗಳು ಹೊರಟಾಗ, ಗೌರಸಮುದ್ರದ ಮಾರಮ್ಮನಂಥ ಜಾತ್ರೆಗಳಲ್ಲಿ, ಹೆಜ್ಜೆಯನ್ನು ನಿರ್ಧರಿಸುವುದು ಈ ಸದ್ದು. ದೇವರು ಹೊತ್ತವರ ಹೆಜ್ಜೆ ಉರುಮೆಯ ಮೇಲೆ, ಉರುಮೆಯ ನಡೆ ಅವರ ಹೆಜ್ಜೆಯ ಮೇಲೆ. ಹೊತ್ತವರು ನಿಂತರೆ ವಾದ್ಯ ಕಾಯುತ್ತದೆ. ವಾದ್ಯ ಬಿರುಸಾದರೆ ಮೈ ತಡೆಯುವುದಿಲ್ಲ. ಫಂಕ್‌ಗೂ ಉರುಮೆಗೂ ರಕ್ತಸಂಬಂಧ ಹುಡುಕುವ ಉದ್ದೇಶ ನನಗಿಲ್ಲ, ಅಂಥ ಸಂಬಂಧವೂ ಇಲ್ಲ. ಎರಡೂ ಕೇಳುವವರಿಗೆ ಒಂದು ಕೆಲಸ ಹಂಚಿಕೊಡುತ್ತವೆ, ಅಷ್ಟೇ ಸಾಮ್ಯ. ನನ್ನ ವಾದಕ್ಕೆ ಅಷ್ಟು ಸಾಕು.

ಕನ್ನಡದ ವಿಮರ್ಶೆ ಇವೆರಡರ ಬಗ್ಗೆಯೂ ಹೆಚ್ಚು ಮಾತಾಡದಿರುವುದಕ್ಕೂ ಒಂದೇ ಕಾರಣವಿದೆ ಅನ್ನಿಸುತ್ತದೆ. ನಾವು ಸಂಗೀತದ ಮನೆಗೆ ಸಾಹಿತ್ಯದ ಬಾಗಿಲಿನಿಂದ ಹೋಗುವವರು. 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಂನಲ್ಲಿ ಶಿಶುನಾಳ ಶರೀಫರ ಪದವನ್ನು ಗಿಟಾರಿಗೆ ಕೂರಿಸಿದಾಗ ನಮಗೆ ಮಾತಾಡಲು ಸುಲಭವಾಯಿತು: ಶರೀಫರಿದ್ದಾರೆ, ತತ್ವಪದವಿದೆ, ಪರಂಪರೆ ಇದೆ. ಇಂಗ್ಲಿಷಿನಲ್ಲಿ ಹಾಡುವ, ಹಾಡಿಗಿಂತ ಲಯದ ಮೇಲೆ ನಿಂತ ತಂಡಕ್ಕೆ ಆ ಬಾಗಿಲು ತೆರೆಯುವುದಿಲ್ಲ. ಉರುಮೆಗೂ ತೆರೆಯುವುದಿಲ್ಲ, ಏಕೆಂದರೆ ಉರುಮೆಗೆ ಪದವೇ ಇಲ್ಲ.

ಪದವಿದ್ದವರಿಗೂ ಪೂರ್ತಿ ನ್ಯಾಯ ಸಿಕ್ಕಿದೆಯೇ ಎಂದರೆ, ಅದೂ ಇಲ್ಲ. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಅವರ ನೆನಪಿನಲ್ಲಿದ್ದ ಕಾಡುಗೊಲ್ಲರ ಹಾಡುಗಳ ದೊಡ್ಡ ರಾಶಿಯನ್ನು ಕೃಷ್ಣಮೂರ್ತಿ ಹನೂರರು ವರ್ಷಗಟ್ಟಲೆ ಕೇಳಿ ಬರೆದುಕೊಂಡರು. ಆ ದುಡಿಮೆ ಇಲ್ಲದಿದ್ದರೆ ಸಿರಿಯಜ್ಜಿ ‘ನಾಡೋಜ’ರಾಗುವುದಿರಲಿ, ಅವರ ಹೆಸರೂ ನಮಗೆ ತಿಳಿಯುತ್ತಿರಲಿಲ್ಲ. ಆದರೆ ಅಚ್ಚಿನ ಪುಟಕ್ಕೆ ಒಂದು ಮಿತಿ ಇದೆ, ಅದು ಯಾವ ಸಂಗ್ರಾಹಕರ ತಪ್ಪೂ ಅಲ್ಲ. ಹಟ್ಟಿಯ ಹೆಂಗಸರು ಹಾಡುವಾಗ ಒಬ್ಬರು ಎತ್ತಿಕೊಟ್ಟ ಸೊಲ್ಲನ್ನು ಉಳಿದವರು ತಿರುಗಿ ಹೇಳುತ್ತಾರೆ. ಆ ತಿರುಗಿ ಹೇಳುವಿಕೆಯ ಹೊತ್ತಿನಲ್ಲೇ ಮುಂದಿನವಳಿಗೆ ಮುಂದಿನ ಸಾಲು ಸಿಗುತ್ತದೆ. ಪುಸ್ತಕದಲ್ಲಿ ಆ ಸೊಲ್ಲು ಒಂದೇ ಸಲ ಅಚ್ಚಾಗುತ್ತದೆ. ಜುಂಜಪ್ಪನ ಕಾವ್ಯವನ್ನು ಹಾಡುವವರು ನಡುನಡುವೆ ನುಡಿಸುವ ಗಣೆ ಎಂಬ ಉದ್ದನೆಯ ಕೊಳಲಿಗೆ ಪುಟದಲ್ಲಿ ಜಾಗವೇ ಇಲ್ಲ. ಕಾವ್ಯ ಉಳಿಯಿತು, ಅದನ್ನು ಜೊತೆಗೆ ಕಟ್ಟುತ್ತಿದ್ದವರು ಉಳಿಯಲಿಲ್ಲ.

ಇಲ್ಲಿ ಬ್ಯಾಂಡ್ ಅಭಿಮಾನಿಗಳಿಂದ ಜಾನಪದದ ವಿದ್ಯಾರ್ಥಿಗಳು ಕಲಿಯುವುದಿದೆ. ಅಭಿಮಾನಿಗಳು ವಿವರದ ಜನ. ಬೇಸ್ ನುಡಿಸುವವರು ಬದಲಾದಾಗ ಸಂಗೀತದ ನಡೆ ಹೇಗೆ ಬದಲಾಯಿತು, ಯಾವ ಹಾಡನ್ನು ಯಾವ ವರ್ಷದಿಂದ ನಿಧಾನ ಮಾಡಿದರು, ಹಾಡುಗಳ ನಡುವೆ ಏನು ಮಾತಾಡಿದರು ಎಂದೆಲ್ಲ ಲೆಕ್ಕ ಇಟ್ಟಿರುತ್ತಾರೆ. ಮುಖ್ಯವಾಗಿ, ನುಡಿಸಿದವರ ಹೆಸರು ಮರೆಯುವುದಿಲ್ಲ. ನಮ್ಮ ಜಾನಪದ ಸಂಗ್ರಹಗಳನ್ನು ತೆರೆದರೆ ಹಾಡಿದವರ ಹೆಸರು, ವಯಸ್ಸು, ಊರು ಇರುತ್ತವೆ. ಉರುಮೆ, ತಮಟೆ ಬಾರಿಸಿದವರ ಹೆಸರು ನಾನು ಓದಿದ ಸಂಗ್ರಹಗಳಲ್ಲಿ ಅಪರೂಪ. ‘ಉರುಮೆಯವರು’, ‘ತಮಟೆಯವರು’ ಎಂದು ಬಹುವಚನದಲ್ಲಿ ಮುಗಿಯುತ್ತದೆ. ಯಾವ ಕೈಗೆ ಯಾವ ಚರ್ಮವಾದ್ಯ ಎನ್ನುವುದನ್ನು ನಮ್ಮ ಹಳ್ಳಿಗಳಲ್ಲಿ ಬಹುಪಾಲು ಜಾತಿ ನಿರ್ಧರಿಸಿರುವಾಗ, ಈ ಹೆಸರಿಲ್ಲದಿರುವಿಕೆ ಬರೀ ಮರೆವಲ್ಲ. ಬೆಂಗಳೂರಿನ ಡ್ರಮ್ಮರ್‌ಗೆ ಸಿಗಬೇಕಾದ ಹೆಸರು ಸಿಗಲಿಲ್ಲವೆಂದು ಕೊರಗುವ ಅಭಿಮಾನಿಗಳಾದರೂ ಇದ್ದಾರೆ. ಉರುಮೆ ಬಾರಿಸಿದವನ ವಿಷಯದಲ್ಲಿ ಹೆಸರು ಎಂಬ ಪ್ರಶ್ನೆಯೇ ಎದ್ದಿಲ್ಲ.

ಜಾತ್ರೆಯ ಕೇಳುಗರಿಂದ ಅಭಿಮಾನಿಗಳು ಕಲಿಯುವುದೂ ಇದೆ. ‘ಅವತ್ತು ಅದ್ಭುತವಾಗಿತ್ತು, ನೀನಿರಬೇಕಿತ್ತು’ ಎನ್ನುವ ನೆನಪು ಹೇಳುವವರ ಬಗ್ಗೆ ಹೇಳುತ್ತದೆ, ಸಂಗೀತದ ಬಗ್ಗೆ ಹೇಳುವುದಿಲ್ಲ. ನಾವು ಅಲ್ಲಿದ್ದೆವು, ನೀವಿರಲಿಲ್ಲ ಎನ್ನುವುದೇ ಅದರ ತಿರುಳು. ಜಾತ್ರೆಯ ಹಿರಿಯರ ನೆನಪು ಬೇರೆ ಥರ: ದೇವರು ಹಳ್ಳ ಇಳಿಯುವಾಗ ಬಡಿತ ನಿಂತು ಬರೀ ಉಜ್ಜುವಿಕೆ ಉಳಿಯುತ್ತಿತ್ತು, ದಡ ಹತ್ತಿದ ಮೇಲೆ ಮತ್ತೆ ಬಡಿತ ಸೇರುತ್ತಿತ್ತು, ಈಗಿನವರು ಹಳ್ಳದಲ್ಲೂ ಬಡಿಯುತ್ತಾರೆ. ಈ ಮಾತಿನಲ್ಲಿ ಸಂಗೀತ ಹೇಗಿತ್ತು, ಯಾಕೆ ಹಾಗಿತ್ತು, ಕೇಳುವವರ ಕಾಲು ಆಗ ಏನು ಮಾಡುತ್ತಿತ್ತು, ಎಲ್ಲವೂ ಇದೆ. ಆ ಜಾತ್ರೆಗೆ ಹೋಗದ ನಾನೂ ಇದನ್ನು ಒಪ್ಪಬಹುದು, ಪ್ರಶ್ನಿಸಬಹುದು. ನೆನಪು ವಿಮರ್ಶೆಯಾಗುವುದು ಹೀಗೆ, ಅಲ್ಲಿರದವರಿಗೂ ಚರ್ಚೆಯಲ್ಲಿ ಜಾಗ ಕೊಟ್ಟಾಗ.

ಈ ದೃಷ್ಟಿಯಿಂದ ‘ಸಿಗಬೇಕಾದಷ್ಟು ಹೆಸರು ಸಿಗಲಿಲ್ಲ’ ಎಂಬ ಅಳಲನ್ನು ಮತ್ತೆ ನೋಡಬಹುದು. ಎಷ್ಟು ಹೆಸರು, ಯಾವ ತಕ್ಕಡಿಯಲ್ಲಿ? ಮಾರಾಟದ, ಪ್ರಶಸ್ತಿಯ, ಚಾನೆಲ್‌ಗಳ ತಕ್ಕಡಿಯಲ್ಲಿ ತೂಗಿದರೆ ಎದುರಿಗೆ ನಿಂತು ಕೇಳಬೇಕಾದ ಸಂಗೀತ ಯಾವಾಗಲೂ ಕಡಿಮೆಯೇ ತೂಗುತ್ತದೆ. ಅಭಿಮಾನಿಗಳ ಎರಡು ಮಾತುಗಳು ಪರಸ್ಪರ ವಿರುದ್ಧವಾಗಿವೆ ಎನ್ನುವುದೂ ಇಲ್ಲಿ ಕಾಣುತ್ತದೆ. ಸೀಡಿಯಲ್ಲಿ ಇದು ಸಿಗುವುದಿಲ್ಲ ಎಂದು ಒಪ್ಪಿದ ಮೇಲೆ, ಸೀಡಿ ಕೇಳಿದ ಲೋಕ ಗುರುತಿಸಲಿಲ್ಲವೆಂದು ದೂರುವುದು ಹೇಗೆ? ಗುರುತಿಸಬಲ್ಲವರು ಅಂಗಳದಲ್ಲಿದ್ದವರು ಮಾತ್ರ, ಅವರು ಗುರುತಿಸಿದ್ದಾರೆ. ಉಳಿದಿರುವ ಕೆಲಸ ಅದನ್ನು ಬಿಡಿಸಿ ಹೇಳುವುದು.

ಅಂಗಳಗಳೆಲ್ಲ ಒಂದೇ ಎಂದು ನಾನು ಹೇಳುತ್ತಿಲ್ಲ. ಟಿಕೆಟ್ಟು ಕೊಂಡು, ಇಂಗ್ಲಿಷ್ ಹಾಡಿಗೆ ತಲೆದೂಗುವ ಸಭೆಗೆ ಬರಲು ಒಂದು ಶಾಲೆ, ಒಂದು ನಗರ, ಒಂದು ಸಂಬಳ ಬೇಕು. ಜಾತ್ರೆಗೆ ಟಿಕೆಟ್ಟಿಲ್ಲ, ಆದರೆ ಯಾರು ದೇವರ ಹತ್ತಿರ, ಯಾರು ದೂರ ಎನ್ನುವುದು ಮೊದಲೇ ತೀರ್ಮಾನವಾಗಿರುತ್ತದೆ. ಹಾಗಾಗಿ ‘ಕೇಳಿದವರ ನೆನಪು’ ಎಂದಾಗ ಯಾರು, ಎಲ್ಲಿ ನಿಂತು ಕೇಳಿದರು ಎಂದೂ ಕೇಳಬೇಕಾಗುತ್ತದೆ. ದೂರ ನಿಂತವರ ನೆನಪಿನಲ್ಲಿ ಬೇರೆಯದೇ ಸಂಗೀತ ಇರಬಹುದು.

ಇತ್ತೀಚೆಗೆ ನಮ್ಮ ಮೆರವಣಿಗೆಗಳಿಗೆ ಟ್ರ್ಯಾಕ್ಟರಿನ ಮೇಲೆ ಡೀಜೆ ಬರುತ್ತಿದೆ. ಹುಡುಗರು ಕುಣಿಯುವುದರಲ್ಲಿ ನನಗೆ ತಕರಾರಿಲ್ಲ. ಅಲ್ಲೂ ಮೈ ಲಯ ತುಂಬುತ್ತಿದೆ. ಆದರೆ ಕುಣಿಯುವವರು ಸುಸ್ತಾದರೆ ಡೀಜೆಯ ಪೆಟ್ಟಿಗೆ ನಿಧಾನವಾಗುವುದಿಲ್ಲ, ದೇವರು ನಿಂತರೆ ಅದು ಕಾಯುವುದಿಲ್ಲ. ಕಾಯುವ ವಾದ್ಯದ ಜೊತೆ ನಡೆದವರು ಈಗ ಅರವತ್ತು, ಎಪ್ಪತ್ತು ದಾಟಿದವರು. ಕ್ಷೇತ್ರಕಾರ್ಯಕ್ಕೆ ಹೋಗುವ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟು: ಹಾಡಿದವರನ್ನು ಕೇಳಿದ ಮೇಲೆ, ಬಾರಿಸಿದವರ ಹೆಸರು ಕೇಳಿ. ಆಮೇಲೆ ಪಕ್ಕದಲ್ಲಿ ಸುಮ್ಮನೆ ಕೂತಿರುವವರನ್ನು, ಆಗ ನಿಮ್ಮ ಕಾಲು ಎಲ್ಲಿ ಬೀಳುತ್ತಿತ್ತು ಎಂದು ಕೇಳಿ. ಅವರು ಎದ್ದು ತೋರಿಸಿದರೆ ಅದನ್ನೂ ಬರೆದುಕೊಳ್ಳಿ.